ಮೂವತ್ತೊಂದನೇ ಕೀಲಿಕೈ

ಈ ಹೆಂಗಸಿನ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಇಡೀ ಲೋಕ ಗಡಿಯಾರ ನೋಡುತ್ತಾ ಕೂತಿದ್ದ ದಿನ, ದೊಡ್ಡ ದೊಡ್ಡವರು ಎದುರಿಗೆ ನಿಂತು ಸಹಿ ಮಾಡು ಅಂದಾಗ, ಇವಳು ಒಬ್ಬಳೇ ಆಗಲ್ಲ ಅಂದಳು. ಯಾರ ಜೀವಕ್ಕಾಗಿ ಹಾಗೆ ಅಂದಳೋ ಆ ಮನುಷ್ಯ ಇದ್ದಾನೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಮಾರನೇ ದಿನ ಪೇಪರಿನಲ್ಲಿ ವಿಜ್ಞಾನಿಗಳ ಫೋಟೋ ಬಂತು. ಇವಳದು ಬರಲಿಲ್ಲ. ನಾನು ಬರೆಯುವವನಲ್ಲ, ಪೈಪ್ ಫಿಟ್ಟರ್. ಆದರೆ ಆ ದಿನದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ನಾವೆಲ್ಲ ಅವಳನ್ನು ಕೀಲಿ ಅಕ್ಕ ಅನ್ನುತ್ತೇವೆ.

ನಮ್ಮ ಊರಿನ ಅಡಿಯಲ್ಲಿ, ನೂರು ಮೀಟರ್ ಕೆಳಗೆ, ಬಳೆಯ ಹಾಗೆ ದುಂಡಗಿನ ಸುರಂಗ ಇದೆ. ಒಂದು ಸುತ್ತಿಗೆ ಇಪ್ಪತ್ತೆರಡು ಕಿಲೋಮೀಟರ್. ಮನೆ, ಶಾಲೆ, ಬಸ್ ನಿಲ್ದಾಣ, ಕ್ಷೌರದ ಅಂಗಡಿ, ಎಲ್ಲದರ ಕೆಳಗೂ ಹಾದುಹೋಗುತ್ತದೆ. ಅದರೊಳಗೆ ಕಣ್ಣಿಗೆ ಕಾಣದ ಕಣಗಳನ್ನು ಎರಡು ಕಡೆಯಿಂದ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಒಡೆದಾಗ ಒಳಗಿನಿಂದ ಏನು ಬರುತ್ತದೆ ಅಂತ ನೋಡುತ್ತಾರೆ. ನನಗೆ ಗೊತ್ತಿರುವುದು ಇಷ್ಟೇ. ಆ ಯಂತ್ರವನ್ನು ತಣ್ಣಗಿಡುವ ನೀರಿನ ಪೈಪು ನೋಡಿಕೊಳ್ಳುವುದು ನನ್ನ ಕೆಲಸ.

ಯಂತ್ರ ಓಡುವಾಗ ಸುರಂಗದಲ್ಲಿ ಮನುಷ್ಯ ಇರಬಾರದು. ಇದ್ದರೆ ಬದುಕುವುದಿಲ್ಲ. ಅದಕ್ಕೇ ಕೀಲಿಕೈ. ಸುರಂಗಕ್ಕೆ ಇಳಿಯುವ ಲಿಫ್ಟಿನ ಪಕ್ಕ ಒಂದು ಸಣ್ಣ ಕೋಣೆ. ಅದರ ಗೋಡೆಗೆ ಒಂದು ಬೋರ್ಡು. ಬೋರ್ಡಿನಲ್ಲಿ ನಲವತ್ತೆಂಟು ತೂತು, ನಲವತ್ತೆಂಟು ಕೀಲಿಕೈ, ಪ್ರತಿಯೊಂದಕ್ಕೂ ನಂಬರಿನ ತಗಡು. ಇಳಿಯುವವನು ತನ್ನ ಕೀಲಿಕೈ ಇಸಕೊಂಡು ಲಿಫ್ಟಿನ ಬಾಗಿಲು ತೆಗೆಯಬೇಕು. ಮೇಲೆ ಬಂದವನು ಅದನ್ನು ಅಕ್ಕನ ಕೈಗೇ ಕೊಡಬೇಕು. ಅವಳು ಮುಖ ನೋಡಿ, ನಂಬರು ನೋಡಿ, ಬೋರ್ಡಿಗೆ ಸಿಕ್ಕಿಸಿ ತಿರುಗಿಸುತ್ತಾಳೆ. ನಲವತ್ತೆಂಟೂ ಕೂತರೆ ಮಾತ್ರ ಹಸಿರು ದೀಪ. ಒಂದು ತೂತು ಖಾಲಿ ಇದ್ದರೂ ಯಂತ್ರ ಜಪ್ಪಯ್ಯ ಅಂದರೂ ಶುರುವಾಗುವುದಿಲ್ಲ.

ಅಕ್ಕನಿಗೆ ಈ ಕೆಲಸ ಸಿಕ್ಕಿದ್ದು ಹನ್ನೊಂದು ವರ್ಷದ ಹಿಂದೆ, ಸುರಂಗದಲ್ಲಿ ಯಂತ್ರ ಇನ್ನೂ ಜೋಡಿಸುತ್ತಿದ್ದಾಗ. ಅದಕ್ಕೆ ಮುಂಚೆ ಅವಳ ಗಂಡ ಇಟ್ಟಿಗೆ ಕಾರ್ಖಾನೆಯಲ್ಲಿದ್ದ. ಮಣ್ಣು ಕಲೆಸುವ ಯಂತ್ರದೊಳಗೆ ಇಳಿದು ಅಂಟಿದ ಮಣ್ಣು ಕೆರೆಯುತ್ತಿದ್ದಾಗ ಇನ್ನೊಬ್ಬ ಬಂದು ಸ್ವಿಚ್ ಹಾಕಿದ. ಆಮೇಲೆ ಆ ಇನ್ನೊಬ್ಬ ಹೇಳಿದ್ದು ಒಂದೇ ಮಾತು. "ಒಳಗೆ ಯಾರೂ ಇಲ್ಲ ಅಂದ್ಕೊಂಡೆ."

ಅವತ್ತಿನಿಂದ ಅಕ್ಕನಿಗೆ ಆ ಮಾತು ಆಗಿಬರುವುದಿಲ್ಲ. ಯಾರಾದರೂ ಬಾಯಿ ತಪ್ಪಿ ಹೇಳಿದರೆ ಪೆನ್ಸಿಲ್ ಕೆಳಗಿಡುತ್ತಾಳೆ.

"ಅಂದ್ಕೊಂಡೆ ಅನ್ಬೇಡಿ. ನೋಡ್ದೆ ಅನ್ನಿ, ಇಲ್ಲಾ ನೋಡ್ಲಿಲ್ಲ ಅನ್ನಿ."

ಮನೆಯಲ್ಲಿ ಈಗ ಇಬ್ಬರೇ, ಅವಳು ಮತ್ತು ಅವಳ ಅತ್ತೆ. ಮಗ ಹೋದ ಮೇಲೆ ಅತ್ತೆ ಮಗಳ ಊರಿಗೆ ಹೋಗಬಹುದಿತ್ತು, ಹೋಗಲಿಲ್ಲ. ಸೊಸೆ ತವರಿಗೆ ಹೋಗಬಹುದಿತ್ತು, ಅವಳೂ ಹೋಗಲಿಲ್ಲ. ಇಬ್ಬರೂ ದಿನವಿಡೀ ಒಬ್ಬರ ಮೇಲೊಬ್ಬರು ರೇಗುತ್ತಾರೆ. ಅತ್ತೆ ದಿನಾ ಡಬ್ಬಿ ಹಿಡಿದು ಕೀಲಿ ಕೋಣೆಯ ಕಿಟಕಿಗೆ ಬರುತ್ತಾರೆ. ಮೊಟ್ಟೆ ಬೆಂದಿಲ್ಲ ಅಂತ ಸೊಸೆ, ಬೆಂದಿದೆ ಅಂತ ಅತ್ತೆ. ನಮಗೆಲ್ಲ ಆ ಜಗಳ ಕೇಳದಿದ್ದರೆ ಮಧ್ಯಾಹ್ನ ಆಯಿತು ಅನ್ನಿಸುವುದಿಲ್ಲ.

ಅಕ್ಕ ಒಂದು ಕಡೆ ಕೂರುವವಳಲ್ಲ. ಬೋರ್ಡು ಎಣಿಸಿ ಕೂರುತ್ತಾಳೆ, ಎದ್ದು ಮತ್ತೆ ಎಣಿಸುತ್ತಾಳೆ. ಮನೆಗೆ ಬೀಗ ಹಾಕಿ ಬೀದಿ ಕೊನೆಗೆ ಹೋದವಳು ವಾಪಸ್ ಬಂದು ಒಲೆ ಆರಿದೆಯಾ ನೋಡುತ್ತಾಳೆ. "ಇವಳ ಕಾಲಿಗೆ ಚಕ್ರ ಕಟ್ಟಿದೆ" ಅಂತ ಅತ್ತೆ ಬೈಯುತ್ತಾರೆ.

ಯಂತ್ರ ಮೊದಲ ಸಲ ಶುರುವಾಗುವ ದಿನ ಬುಧವಾರ ಅಂತ ಗೊತ್ತಾಯಿತು ನೋಡಿ, ಆಗ ಇಡೀ ಊರಿನ ಕಾಲಿಗೂ ಚಕ್ರ ಬಂತು. ಡಿಕ್ಕಿಯಿಂದ ಒಂದು ಕಪ್ಪು ಕುಳಿ ಹುಟ್ಟುತ್ತದೆ, ಅದು ಮೊದಲು ಸುರಂಗ ನುಂಗುತ್ತದೆ, ಆಮೇಲೆ ಊರು, ಆಮೇಲೆ ಭೂಮಿ ಅಂತ ಟಿವಿಯಲ್ಲಿ ಯಾರೋ ಹೇಳಿದರು. ಹಾಗಾಗುವುದಿಲ್ಲ ಅಂತ ನಮ್ಮ ವಿಜ್ಞಾನಿಗಳೂ ಹೇಳಿದರು. ಆದರೆ ಅವರ ಭಾಷೆ ಯಾರಿಗೂ ತಲೆಗೆ ಹೋಗಲಿಲ್ಲ. ನುಂಗುತ್ತದೆ ಅನ್ನುವುದು ಎಲ್ಲರ ತಲೆಗೂ ತಕ್ಷಣ ಹೋಯಿತು.

ಜನರಿಗೆ ವಿಜ್ಞಾನಿಗಳು ಸಿಗುತ್ತಿರಲಿಲ್ಲ. ಸಿಗುತ್ತಿದ್ದವಳು ಕೀಲಿ ಅಕ್ಕ. ತರಕಾರಿ ಕೊಳ್ಳುವಾಗ, ಬಸ್ಸಿಗೆ ಕಾಯುವಾಗ ಅವಳನ್ನೇ ಹಿಡಿಯುತ್ತಿದ್ದರು. ಮನೆ ಮಾಲೀಕರ ಹೆಂಡತಿ ಮೆಟ್ಟಿಲ ಮೇಲೆ ಅಡ್ಡ ನಿಂತು ಕೇಳಿದರಂತೆ.

"ನಿಜ ಹೇಳಮ್ಮ, ಹೊಸ ಫ್ರಿಜ್ ತಗೊಳ್ಳಾ, ಬುಧವಾರ ಆಗ್ಲಿ ಅಂತ ಬಿಡ್ಲಾ?"

"ತಗೊಳ್ಳಿ ಅಮ್ಮ. ಮುಳುಗಿದ್ರೂ ತಣ್ಣಗೆ ಮುಳುಗ್ತೀರಿ."

ಬಸ್ ನಿಲ್ದಾಣದ ಎದುರಿನ ಕ್ಷೌರದವನಿಗೆ ಬೇರೆ ಚಿಂತೆ. "ಅದು ನನ್ನ ಕುರ್ಚಿ ಕೆಳಗೇ ಹೋಗತ್ತಂತೆ ಅಕ್ಕ. ಗಿರಾಕಿ ಗಡ್ಡಕ್ಕೆ ಕತ್ತಿ ಇಟ್ರೆ ಕೈ ನಡುಗತ್ತೆ."

"ಹಾಗಾದ್ರೆ ಲೋಕ ಮುಳುಗೋಕೆ ಮುಂಚೆ ನಿನ್ನ ಗಿರಾಕಿ ಮುಳುಗ್ತಾನೆ."

ರಿಟೈರ್ ಆದ ಬಸ್ ಡ್ರೈವರ್ ಒಬ್ಬರು ದಿನಾ ಬಂದು ನಮ್ಮ ಬೇಲಿ ಹಿಡಿದು ನಿಲ್ಲುತ್ತಿದ್ದರು. ಅವರಿಗೆ ಹೆದರಿಕೆ ಇಲ್ಲ, ಕುತೂಹಲ.

"ಸೆಕೆಂಡಿಗೆ ಎಷ್ಟು ಸುತ್ತು?"

"ಹದಿಮೂರು ಸಾವಿರ ಅಂತಾರೆ," ಅಂದೆ ನಾನು.

"ಅಬ್ಬಬ್ಬಾ! ಎದುರು ಬದುರು ಬೇರೆ. ಬ್ರೇಕ್ ಯಾರು ಹಾಕ್ತಾರೆ?"

ನಗಾಡುತ್ತಿದ್ದರೂ ಯಾರಿಗೂ ನೆಮ್ಮದಿ ಇರಲಿಲ್ಲ. ನಮ್ಮ ಬೀದಿಯಲ್ಲೇ ನಾಲ್ಕು ಮನೆಗೆ ಬೀಗ ಬಿತ್ತು. ಅಕ್ಕನ ಅತ್ತೆಯಂತೂ ಊಟ ಬಿಟ್ಟರು. ಅವರನ್ನು ಸಮಾಧಾನ ಮಾಡಲು ಅಕ್ಕ ಒಬ್ಬ ಇಂಜಿನಿಯರ್ ಹುಡುಗಿಯನ್ನು ಕೇಳಿಕೊಂಡು ಬಂದು ಹೇಳಿದಳು.

"ಅತ್ತೆ, ಇದಕ್ಕಿಂತ ಜೋರಾಗಿ ಓಡೋ ಕಣಗಳು ಆಕಾಶದಿಂದ ದಿನಾ ನಮ್ಮ ತಲೆ ಮೇಲೆ ಬೀಳ್ತಾ ಇವೆಯಂತೆ. ಕೋಟಿಗಟ್ಲೆ ವರ್ಷದಿಂದ. ಭೂಮಿಗೆ ಏನಾಗಿದೆ?"

ಅತ್ತೆ ಸುಮ್ಮನೆ ಕೇಳಿಸಿಕೊಂಡರು. ಮಾರನೇ ದಿನದಿಂದ ಸುಡುಸುಡು ಬಿಸಿಲಾದರೂ ಮೋಡವಾದರೂ ಛತ್ರಿ ಇಲ್ಲದೆ ಹೊರಗೆ ಬರಲಿಲ್ಲ.

ಮಂಗಳವಾರ ಸಂಜೆ ಅತ್ತೆ ಬ್ಯಾಗು ಕಟ್ಟಿದರು. ಮಗಳ ಊರಿಗೆ ಹೋಗೋಣ, ನೀನೂ ಬಾ ಅಂತ ಹಟ. ಅಕ್ಕ ಬರಲ್ಲ ಅಂದಳು. ಅವಳಿಲ್ಲದಿದ್ದರೆ ಬೋರ್ಡಿಗೆ ಯಾರು?

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ. ನಾನು ಆರಕ್ಕೆ ಇಳಿದೆ. ಒಂದು ವಾಲ್ವಿನಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಬಿಗಿ ಮಾಡಬೇಕಿತ್ತು. ನನ್ನ ಕೀಲಿಕೈ ಮೂವತ್ತೊಂದು. ಕೊನೆಗೆ ಮೇಲೆ ಬಂದವನು ನಾನೇ. ಗಂಟೆ ಎಂಟು ದಾಟಿತ್ತು. ಕ್ಯಾಂಟೀನಿನಲ್ಲಿ ಟಿವಿ ಎದುರು ಜಾಗ ಹಿಡಿಯುವ ಆತುರ ನನಗೆ.

ಕಿಟಕಿ ಹತ್ತಿರ ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಛತ್ರಿ, ಕಾಲ ಬಳಿ ಬ್ಯಾಗು. ಕೊನೇ ಸಲ ಕರೆಯಲು ಬಂದಿದ್ದರು. ತಲೆ ಸುತ್ತುತ್ತಿದೆ ಅಂದರಂತೆ. ಅಕ್ಕ ನೀರು ತರಲು ಹಿಂದಿನ ಕೋಣೆಗೆ ಹೋಗಿದ್ದಳು. ಕಿಟಕಿ ಖಾಲಿ.

ನಾನು ಕಾಯಬೇಕಿತ್ತು. ಒಂದು ನಿಮಿಷದ ಮಾತು. ಕೀಲಿಕೈಯನ್ನು ಕಿಟಕಿ ಕಟ್ಟೆಯ ಮೇಲಿಟ್ಟೆ.

"ಅಜ್ಜಿ, ಅಕ್ಕ ಬಂದ್ರೆ ಕೊಟ್ಬಿಡಿ," ಅಂದು ಹೋದೆ.

ಅತ್ತೆ ನೀರು ಕುಡಿದು, ಬಸ್ಸಿಗೆ ಅಂತ ಹೊರಟರಂತೆ. ಒಂಬತ್ತಕ್ಕೆ ಅಕ್ಕ ಬೋರ್ಡು ಎಣಿಸಿದಳು. ನಲವತ್ತೇಳು. ನಾನಿನ್ನೂ ಕೆಳಗಿದ್ದೇನೋ ಏನೋ ಅಂತ ಕೆಳಗಿನ ಫೋನಿಗೆ ಕರೆ ಮಾಡಿದಳು. ಯಾರೂ ಎತ್ತಲಿಲ್ಲ. ಎರಡು ಸಲ, ಮೂರು ಸಲ. ಆಮೇಲೆ ಮೈಕಿನಲ್ಲಿ ಅವಳ ದನಿ ಬಂತು. "ಮೂವತ್ತೊಂದು ಮೇಲೆ ಬಂದಿಲ್ಲ. ಮೂವತ್ತೊಂದು ಮೇಲೆ ಬಂದಿಲ್ಲ." ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡು ಓಡಿದೆ.

ನನ್ನ ಮುಖ ನೋಡಿ ಅವಳು ಒಂದು ಕ್ಷಣ ಗೋಡೆಗೆ ಒರಗಿದಳು. ಆಮೇಲೆ ಕೈ ಚಾಚಿದಳು.

"ಕೀ ಎಲ್ಲಿ?"

"ಇಲ್ಲೇ ಇಟ್ಟೆ ಅಕ್ಕ. ಕಟ್ಟೆ ಮೇಲೆ."

"ನನ್ನ ಕೈಗೆ ಕೊಟ್ಯಾ?"

"ಇಲ್ಲ. ಅಜ್ಜಿ ಇದ್ರು. ಕೊಡ್ತಾರೆ ಅಂದ್ಕೊಂಡೆ."

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು ಏನಂದೆ ಅಂತ. ಅವಳು ಬೈಯಲಿಲ್ಲ, ಪೆನ್ಸಿಲ್ ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಅತ್ತೆಯನ್ನು ಹುಡುಕಿಕೊಂಡು ಗಾರ್ಡು ಸ್ಕೂಟರಿನಲ್ಲಿ ಮನೆಗೆ ಹೋದ, ಬೀಗ. ಬಸ್ ನಿಲ್ದಾಣಕ್ಕೆ ಹೋದ, ಒಂಬತ್ತರ ಬಸ್ಸು ಹೊರಟುಹೋಗಿತ್ತು. ಅತ್ತೆ ಹತ್ತಿರ ಮೊಬೈಲ್ ಇಲ್ಲ. ಅಷ್ಟರಲ್ಲಿ ಶಿಫ್ಟಿನ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಆದರೆ ಅವತ್ತು ಅವರ ಅಂಗಿಯ ಬೆನ್ನೆಲ್ಲ ಒದ್ದೆ. ಅವರ ಕಪಾಟಿನಲ್ಲಿ ಪ್ರತಿ ನಂಬರಿಗೂ ಒಂದು ಬದಲಿ ಕೀಲಿಕೈ ಇರುತ್ತದೆ. ಅದನ್ನು ಹಾಕಬೇಕಾದರೆ ಸುರಂಗ ಖಾಲಿ ಇದೆ ಅಂತ ಕೀಲಿ ನೋಡಿಕೊಳ್ಳುವವಳ ಸಹಿ ಬೇಕು.

"ಫಿಟ್ಟರ್ ಇಲ್ಲೇ ನಿಂತಿದಾನಲ್ಲಮ್ಮ, ಕಣ್ಣ ಮುಂದೆ. ಮತ್ತೆ ಕೆಳಗೆ ಯಾರಿರ್ತಾರೆ? ಸಹಿ ಹಾಕು."

"ಫಿಟ್ಟರ್ ಇದಾನೆ ಸಾರ್. ಕೀ ಇಲ್ಲ. ಎಂಟರಿಂದ ಒಂಬತ್ತರವರೆಗೆ ಅದು ಕಟ್ಟೆ ಮೇಲಿತ್ತೋ, ಯಾರ ಕೈಲಿತ್ತೋ. ಅದನ್ನ ತಗೊಂಡು ಯಾರಾದ್ರೂ ಇಳಿದಿದ್ರೆ?"

"ನಿಮ್ಮತ್ತೇನೇ ತಗೊಂಡು ಹೋಗಿರ್ತಾರೆ. ಮುದುಕಿ, ಹೆದರಿದ್ರು ಅಂತ ನೀನೇ ಹೇಳ್ತಿದ್ದೆ."

"ನಂಗೂ ಹಾಗೇ ಅನ್ಸತ್ತೆ ಸಾರ್."

"ಮತ್ತೆ?"

"ಅನ್ಸೋದಕ್ಕೆಲ್ಲ ಸಹಿ ಹಾಕಲ್ಲ. ಆಗಲ್ಲ."

ಸಾಹೇಬರು ಕೈಗಡಿಯಾರ ತೋರಿಸಿದರು. ಎಷ್ಟು ದೇಶದವರು ಕಾಯುತ್ತಿದ್ದಾರೆ ಅಂದರು. ಹಿಂದಿನಿಂದ ಇನ್ನೂ ಇಬ್ಬರು ದೊಡ್ಡವರು ಬಂದು ನಿಂತರು. ಅಕ್ಕ ಪೆನ್ಸಿಲನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಹುಡುಕ್ಸಿ. ಯಾರೂ ಇಲ್ಲ ಅಂತ ನೋಡಿ ಬಂದವರು ಹೇಳ್ಲಿ. ಆಗ ಹಾಕ್ತೀನಿ."

ಹುಡುಕಲು ಹನ್ನೆರಡು ಜನ ಸೈಕಲ್ ಸಮೇತ ಇಳಿದರು. ಸುರಂಗದಲ್ಲಿ ನಾವು ಓಡಾಡುವುದು ಸೈಕಲ್ಲಿನಲ್ಲೇ. ಪ್ರತಿಯೊಬ್ಬರ ಕೈಗೂ ಅವಳೇ ಒಂದೊಂದು ಕೀಲಿಕೈ ಕೊಟ್ಟು ಮುಖ ನೋಡಿದಳು. ನಾನೂ ಹೋಗುತ್ತೇನೆ ಅಂದೆ.

"ನೀನು ಬೇಡ. ನೀನು ಮೇಲಿದೀಯ ಅನ್ನೋದಾದ್ರೂ ಕಣ್ಣಿಗೆ ಕಾಣ್ತಾ ಇರ್ಲಿ. ಅಲ್ಲೇ ನಿಲ್ಲು."

ನಿಂತೆ. ಹತ್ತೂವರೆ ಆಯಿತು, ಹನ್ನೊಂದಾಯಿತು. ಬೇಲಿ ಆಚೆ ಜನ ಸೇರಿದ್ದರು. ಯಂತ್ರ ಶುರುವಾಗಲಿಲ್ಲ ಅಂದರೆ ಅವರಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಏನೋ ಕೆಟ್ಟಿದೆ, ಮುಚ್ಚಿಡುತ್ತಿದ್ದಾರೆ ಅಂತ ಗುಸುಗುಸು ಎದ್ದಿತು. ಅದು ಗಲಾಟೆ ಆಯಿತು. ಯಾರೋ ಬೇಲಿ ಅಲ್ಲಾಡಿಸಿದರು. ಹಳೇ ಬಸ್ ಡ್ರೈವರ್ ಮಾತ್ರ ಕೂಗಿ ಹೇಳುತ್ತಿದ್ದರು. "ನೋಡಿದ್ರಾ, ಬ್ರೇಕ್ ಇದೆ! ನಾನು ಕೇಳಿರ್ಲಿಲ್ವಾ, ಇದೆ!"

ಅಕ್ಕ ಬೋರ್ಡಿನ ಮುಂದೆ ಮೂರು ಹೆಜ್ಜೆ ಆಚೆ, ಮೂರು ಹೆಜ್ಜೆ ಈಚೆ ನಡೆಯುತ್ತಲೇ ಇದ್ದಳು. ಹದಿಮೂರು ತೂತು ಖಾಲಿ.

ಅತ್ತೆ ಬಸ್ಸು ಹತ್ತಿರಲಿಲ್ಲ. ಇದನ್ನು ಆಮೇಲೆ ಕ್ಷೌರದವನು ಹೇಳಿದ. ಬಸ್ಸು ಬಂತು, ನೋಡಿದರು, ಬಿಟ್ಟರು. ಸೊಸೆ ಇಲ್ಲಿರುವಾಗ ಹತ್ತಲು ಕಾಲು ಬರಲಿಲ್ಲವಂತೆ. ಅವನ ಅಂಗಡಿಯೊಳಗೆ ಡಬ್ಬಿ ತಬ್ಬಿಕೊಂಡು ಟಿವಿ ನೋಡುತ್ತಾ ಕೂತರು. ಯಂತ್ರ ನಿಂತಿದೆ ಅಂದಾಗ, "ಇನ್ನೇನೂ ಆಗಲ್ಲ, ಎಲ್ಲ ಮನೆಗೆ ಹೋಗಿ" ಅಂತ ಅಲ್ಲಿದ್ದವರಿಗೆಲ್ಲ ಧೈರ್ಯ ಹೇಳಿದರಂತೆ. ಆಮೇಲೆ ಟಿವಿಯಲ್ಲಿ ಬಂತು. ಒಬ್ಬ ಮನುಷ್ಯ ಒಳಗೆ ಸಿಕ್ಕಿಕೊಂಡಿರಬಹುದು, ಹುಡುಕಲು ಹನ್ನೆರಡು ಜನ ಇಳಿದಿದ್ದಾರೆ.

"ಜನ ಇಳ್ದಿದಾರಾ? ಒಳಕ್ಕಾ?" ಅಂದರು ಅತ್ತೆ.

"ಮತ್ತೆ? ಆ ಕೀಲಿಯವಳ ಬೇಜವಾಬ್ದಾರಿ ಅಜ್ಜಿ. ಅವಳೇ ಎಲ್ಲೋ ಬಿಸಾಕಿರ್ಬೇಕು," ಅಂದ ಯಾವನೋ ಗಿರಾಕಿ, ಮುಖಕ್ಕೆಲ್ಲ ನೊರೆ ಹಚ್ಚಿಕೊಂಡು.

ಅತ್ತೆ ಎದ್ದರು. ಛತ್ರಿಯ ತುದಿ ಅವನ ಮೂಗಿಗೆ ಹಿಡಿದರು. "ನನ್ನ ಸೊಸೆ ಒಂದು ಸೂಜಿ ಬಿಸಾಕಿದವಳಲ್ಲ. ಮುಖ ತೊಳ್ಕೊಂಡು ಮಾತಾಡು."

ಒಂದು ಗಂಟೆಗೆ ಜನರ ಮಧ್ಯೆ ದಾರಿ ಬಿಡಿಸಿಕೊಂಡು ಕಿಟಕಿಗೆ ಬಂದರು. ಡಬ್ಬಿಯ ಮುಚ್ಚಳ ತೆಗೆದರು. ಬೇಯಿಸಿದ ಎರಡು ಮೊಟ್ಟೆಯ ನಡುವೆ ಮೂವತ್ತೊಂದನೇ ಕೀಲಿಕೈ.

"ತಗೋ. ಎಲ್ರನ್ನೂ ಮೇಲಕ್ಕೆ ಕರ್ಸು."

ಅಕ್ಕ ಕೈ ಚಾಚಿ ತೆಗೆದುಕೊಂಡಳು. ತಗಡಿನ ನಂಬರು ನೋಡಿದಳು.

"ಯಾಕತ್ತೆ?"

"ನೀನೇ ಹೇಳ್ತಿದ್ಯಲ್ಲ ದಿನಾ ಊಟಕ್ಕೆ ಕೂತಾಗ, ಒಂದು ಕೀ ಇಲ್ದಿದ್ರೂ ಶುರುವಾಗಲ್ಲ ಅಂತ. ಒಂದು ತಗೊಂಡೆ." ಅವರ ದನಿ ಸಣ್ಣಗಾಯಿತು. "ನಮ್ಮನೇಲಿ ಒಬ್ಬನ್ನ ಒಂದು ಯಂತ್ರ ತಿಂದಿದ್ದು ಸಾಕು ಕಣೇ. ನೀನೊಬ್ಳು ಇದೀಯ. ಕರೆದ್ರೆ ಬರಲ್ಲ ಅಂತೀಯ."

ಅಕ್ಕ ಬೋರ್ಡಿನ ಕಡೆ ತಿರುಗಿ ಕೀಲಿಕೈ ಸಿಕ್ಕಿಸಿದಳು. ಆಮೇಲೆ ದಿನದ ರಿಜಿಸ್ಟರ್ ತೆರೆದು ಪೆನ್ಸಿಲ್ ಎತ್ತಿಕೊಂಡಳು.

ಸಾಹೇಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಮೇಜಿನ ಕೆಳಗೆ ಸಿಕ್ತು ಅಂತ ಬರಿ. ಹೊರಗಿನವರ ಕೈಗೆ ಹೋಗಿತ್ತು ಅಂತ ಬರೆದ್ರೆ ನಿನ್ನನ್ನ ಈ ಕೋಣೆಯಿಂದ ತೆಗೀತಾರೆ. ನಾನೂ ಉಳಿಸೋಕಾಗಲ್ಲ."

ಹನ್ನೊಂದು ವರ್ಷದ ಕೆಲಸ. ಅವಳಿಗೆ ಆ ಬೋರ್ಡು ಏನು ಅಂತ ನಮಗೆಲ್ಲ ಗೊತ್ತಿತ್ತು. ನಾನು ಅವಳ ಪೆನ್ಸಿಲನ್ನೇ ನೋಡುತ್ತಿದ್ದೆ. ಮೇಜಿನ ಕೆಳಗೆ ಅಂತ ಬರೆದುಬಿಡಲಿ ಅಂತ ಮನಸ್ಸಿನಲ್ಲಿ ಬೇಡಿಕೊಂಡೆ. ಸುಳ್ಳು ಹೇಳುವುದಿಲ್ಲ, ಅವಳಿಗಾಗಿ ಅಷ್ಟೇ ಅಲ್ಲ, ನನಗಾಗಿಯೂ ಬೇಡಿಕೊಂಡೆ.

"ಬರೀದಿದ್ರೆ ನಾಳೆ ಇನ್ನೊಬ್ರು ಕಟ್ಟೆ ಮೇಲೆ ಇಡ್ತಾರೆ ಸಾರ್," ಅಂದಳು.

ಬರೆದಳು. "ಫಿಟ್ಟರ್ ಕಟ್ಟೆಯ ಮೇಲೆ ಇಟ್ಟ. ನಾನು ಕಿಟಕಿ ಬಿಟ್ಟು ನೀರು ತರಲು ಹೋಗಿದ್ದೆ. ನನ್ನ ಅತ್ತೆ ತೆಗೆದುಕೊಂಡು ಹೋದರು. ಒಂದು ಗಂಟೆಗೆ ತಂದುಕೊಟ್ಟರು." ಯಾರನ್ನೂ ಬಿಡಲಿಲ್ಲ. ತನ್ನನ್ನಂತೂ ಬಿಡಲೇ ಇಲ್ಲ.

ಕೀಲಿಕೈ ಸಿಕ್ಕಿತು ಅಂತ ಕೂಡಲೇ ಸಹಿ ಹಾಕಲಿಲ್ಲ. ಈಗ ಕೆಳಗೆ ಹನ್ನೆರಡು ಜನ ನಿಜವಾಗಿಯೂ ಇದ್ದರು. ಕೊನೆಯ ಜೋಡಿ ದೂರ ಹೋಗಿತ್ತು, ಒಂದು ಸೈಕಲ್ ಪಂಕ್ಚರ್ ಆಗಿ ತಳ್ಳಿಕೊಂಡು ಬರುತ್ತಿದ್ದರು. ಒಬ್ಬೊಬ್ಬರಾಗಿ ಬಂದು ಅವಳ ಕೈಗೆ ಕೊಟ್ಟರು. ಒಂದೊಂದು ಕೀಲಿಕೈ ತಿರುಗಿದಾಗಲೂ ಅತ್ತೆ ಜೋರಾಗಿ ಎಣಿಸುತ್ತಿದ್ದರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಲವತ್ತೆಂಟು. ಹಸಿರು ದೀಪ ಬಂತು. ಅಕ್ಕ ಸಹಿ ಹಾಕಿದಳು.

ಅತ್ತೆ ಕಿಟಕಿಯ ಹೊರಗೆ ಸ್ಟೂಲಿನ ಮೇಲೆ ಕೂತಿದ್ದರು. ಹೋಗುವುದಾದರೆ ಜೊತೆಗೇ ಹೋಗೋಣ ಅಂತ ಹಟ ಮಾಡಿ ಕೂತಿದ್ದು. ಕಿಟಕಿಯ ಸರಳಿನೊಳಗೆ ಕೈ ಹಾಕಿ ಸೊಸೆಯ ಮುಂಗೈ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಬಿಚ್ಚಿದ ಛತ್ರಿ. ಎಲ್ಲೋ ದೂರದ ಕಟ್ಟಡದಲ್ಲಿ ಯಾರೋ ಒಂದು ಗುಂಡಿ ಒತ್ತಿದರು. ಹಸಿರು ದೀಪ ಹೋಗಿ, ಯಂತ್ರ ಓಡುತ್ತಿದೆ ಅನ್ನುವ ಕೆಂಪು ಬಂತು. ನೆಲ ಅಲ್ಲಾಡಲಿಲ್ಲ. ಕ್ಯಾಂಟೀನಿನಲ್ಲಿ ಒಂದು ಲೋಟ ಬಿದ್ದ ಸದ್ದಾಯಿತು, ಅಷ್ಟಕ್ಕೇ ಹತ್ತು ಜನ ಕಿರುಚಿದರು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಒಂದು ಕಣ್ಣು ತೆರೆದರು.

"ಆಯ್ತಾ?"

"ಆಯ್ತು."

"ಇಷ್ಟೇನಾ?"

"ಇಷ್ಟೇ ಅತ್ತೆ."

"ಥೂ, ಇದಕ್ಕೆ ನಾನು ಬಸ್ ಬಿಟ್ನಲ್ಲೇ!"

ನನ್ನನ್ನು ಹದಿನೈದು ದಿನ ಕೆಲಸದಿಂದ ಹೊರಗಿಟ್ಟರು. ಅಕ್ಕನನ್ನು ಸಾಹೇಬರು ಹೇಳಿದ ಹಾಗೇ ಕೋಣೆಯಿಂದ ತೆಗೆದರು. ಈಗ ಅಲ್ಲಿ ಹೆಬ್ಬೆರಳು ನೋಡುವ ಯಂತ್ರ ಬಂದಿದೆ. ಅದಕ್ಕೆ ಮುಖ ನೋಡಲು ಬರುವುದಿಲ್ಲ. ಆದರೆ ಕಿಟಕಿ ಕಟ್ಟೆಯನ್ನು ಒಡೆದು ಹಾಕಿದ್ದಾರೆ, ಈಗ ಅಲ್ಲಿ ಏನನ್ನೂ ಇಡಲು ಜಾಗವಿಲ್ಲ. ಅವಳು ಬರೆದದ್ದನ್ನು ಓದಿಯೇ ಒಡೆಸಿದರಂತೆ.

ಸುರಂಗ ನೋಡಲು ಬರುವವರ ಗೇಟಿನಲ್ಲಿ ಅಕ್ಕನಿಗೆ ಕೆಲಸ ಕೊಟ್ಟಿದ್ದಾರೆ. ಬಂದವರಿಗೆ ನಂಬರಿನ ಬಿಲ್ಲೆ ಕೊಡುವುದು, ಹೋಗುವಾಗ ವಾಪಸ್ ಇಸಕೊಳ್ಳುವುದು. ಅಲ್ಲಿ ಬಿಲ್ಲೆ ಕಳೆದರೆ ಯಾರೂ ಸಾಯುವುದಿಲ್ಲ. ಆದರೂ ಅವಳು ಎಣಿಸುತ್ತಾಳೆ, ಎದ್ದು ಮತ್ತೆ ಎಣಿಸುತ್ತಾಳೆ. ಮನೆಗೆ ಹೋಗುವ ಮುಂಚೆ ಸುತ್ತು ಹಾಕಿಕೊಂಡು ಹಳೇ ಕೋಣೆಯ ಮುಂದೆ ಬಂದು ದೀಪದ ಬಣ್ಣ ನೋಡುತ್ತಾಳೆ. ನಾನು ಆ ಹೊತ್ತಿಗೆ ಮೇಲೆ ಬಂದಿದ್ದರೆ, "ಬಂದ್ಯಾ?" ಅನ್ನುತ್ತಾಳೆ. "ಬಂದೆ ಅಕ್ಕ" ಅನ್ನುತ್ತೇನೆ. ಆಮೇಲೆ ಹೋಗುತ್ತಾಳೆ.

ಅತ್ತೆ ಈಗಲೂ ಡಬ್ಬಿ ತರುತ್ತಾರೆ. ಗೇಟಿನ ಬೆಂಚಿನಲ್ಲಿ ಕೂತು, ಹೆದರಿಕೊಂಡು ಬಂದವರಿಗೆಲ್ಲ ಆಕಾಶದಿಂದ ಕಣ ಬೀಳುವ ಕಥೆ ಹೇಳುತ್ತಾರೆ. "ಛತ್ರಿ ಬೇಕಾಗಿಲ್ಲ, ನಾನು ನೋಡಿದೀನಿ," ಅನ್ನುತ್ತಾರೆ.

ನೀವು ಒಂದು ಸಲ ಹೋಗಿ ಅವಳನ್ನು ನೋಡಿ. ಸುರಂಗ ನೋಡುವ ನೆಪದಲ್ಲಾದರೂ ಸರಿ. ಹೆದರಿಕೆ ಇದ್ದರೆ ಕೇಳಿ, ಗೊತ್ತಿದ್ದರೆ ಹೇಳುತ್ತಾಳೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತಾಳೆ. ಹೊರಡುವಾಗ ಅವಳು ಅಲ್ಲಿ ಇಲ್ಲದಿದ್ದರೆ ಸ್ವಲ್ಪ ಕಾಯಿರಿ. ಬಿಲ್ಲೆಯನ್ನು ಮೇಜಿನ ಮೇಲೆ ಇಟ್ಟು ಬರಬೇಡಿ. ಅವಳ ಕೈಗೇ ಕೊಡಿ.